ಚಿತ್ರದುರ್ಗದ ಕೋಟೆಗೆ ಕ್ಲಾಸ್ ಟೂರ್: ಗೋಡೆಯಷ್ಟೇ ನೀರನ್ನೂ ನೋಡಿ

ಕ್ಲಾಸಿನವರೆಲ್ಲ ಒಟ್ಟಿಗೆ ಹೋದಾಗ ಗೈಡ್ ಬೇಗ ಬೇಗ ನಡೆಯುತ್ತಾರೆ. ಹೆಸರು, ಇಸವಿ, ಕಥೆ ಎಲ್ಲ ಒಂದೇ ಉಸಿರಿಗೆ ಬರುತ್ತವೆ. ಎಲ್ಲ ಬರೆದುಕೊಳ್ಳಲು ಹೋದರೆ ಕಣ್ಣು ನೋಟ್‌ಬುಕ್ ಬಿಟ್ಟು ಮೇಲೇಳುವುದೇ ಇಲ್ಲ. ಅದರ ಬದಲು ಒಂದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಹತ್ತಿ: ಹೊರಗೆ ಶತ್ರು ಮುತ್ತಿಗೆ ಹಾಕಿ ಕೂತಾಗ ಒಳಗಿನವರು ಹೇಗೆ ತಾಳಿಕೊಳ್ಳುತ್ತಿದ್ದರು? ಗೋಡೆ ಅರ್ಧ ಉತ್ತರ ಮಾತ್ರ. ಉಳಿದರ್ಧ ನೀರು.

ರಾಜರ ಇತಿಹಾಸ ಇಷ್ಟು ಗೊತ್ತಿದ್ದರೆ ಸಾಕು. ದುರ್ಗದ ನಾಯಕರು ಮೊದಲು ವಿಜಯನಗರದ ಕೆಳಗಿದ್ದವರು. ತಿಮ್ಮಣ್ಣ ನಾಯಕನಿಂದ ಈ ಮನೆತನದ ಆಳ್ವಿಕೆ ಶುರು. 1565ರಲ್ಲಿ ವಿಜಯನಗರ ಸೋತ ಮೇಲೆ ಇವರು ನಿಧಾನಕ್ಕೆ ಸ್ವತಂತ್ರರಾದರು. ಕೋಟೆ ಬೇರೆ ಬೇರೆ ನಾಯಕರ ಕಾಲದಲ್ಲಿ ಬೆಳೆದಿದೆ. ಹಾಗಾಗಿ ‘ಕಟ್ಟಿಸಿದವರು ಯಾರು’ ಅಂದರೆ ಒಂದೇ ಹೆಸರು ಬರೆದು ಮುಗಿಸಬೇಡಿ. ಕೊನೆಯ ದೊರೆ ಮದಕರಿ ನಾಯಕ. 1779ರಲ್ಲಿ ಹೈದರ್ ಅಲಿ ಕೋಟೆ ಹಿಡಿದು, ಅವನನ್ನು ಸೆರೆಯಾಳಾಗಿ ಶ್ರೀರಂಗಪಟ್ಟಣಕ್ಕೆ ಕಳಿಸಿದ.

ಇದಕ್ಕೆ ಏಳು ಸುತ್ತಿನ ಕೋಟೆ ಅನ್ನುತ್ತಾರೆ. ಹೊರಗಿನ ಸುತ್ತುಗಳು ನೆಲದ ಮೇಲಿವೆ, ಒಳಗಿನವು ಬೆಟ್ಟ ಏರುತ್ತವೆ. ಒಂದು ಬಾಗಿಲು ದಾಟಿದ ಮೇಲೆ ಮುಂದಿನದು ನೇರ ಎದುರಿಗೆ ಕಾಣಿಸುವುದಿಲ್ಲ, ಗಮನಿಸಿ. ದಾರಿ ಥಟ್ಟನೆ ತಿರುಗುತ್ತದೆ. ಬಾಗಿಲು ಒಡೆಯಲು ಆನೆಗಾಗಲಿ, ದಪ್ಪ ತೊಲೆ ಹೊತ್ತ ಜನಕ್ಕಾಗಲಿ ನೇರ ಓಟ ಬೇಕು. ತಿರುವಿನಲ್ಲಿ ಅದು ಸಿಗುವುದಿಲ್ಲ. ಅಲ್ಲಿ ತಡವರಿಸಿದವರ ಮೇಲೆ ಗೋಡೆಯ ಮೇಲಿನಿಂದ ಕಲ್ಲು, ಗುಂಡು ಬೀಳುತ್ತಿದ್ದವು. ಗೈಡ್ ಗೋಡೆಯ ಮೇಲಿನ ಹಾವಿನ ಕೆತ್ತನೆ ತೋರಿಸುವಾಗ ನೀವು ಒಮ್ಮೆ ಹಿಂದೆ ತಿರುಗಿ, ಬಂದ ದಾರಿ ಎಷ್ಟು ಸೊಟ್ಟಗಿದೆ ನೋಡಿ.

ಗೋಡೆಗೆ ಬೇಕಾದ ಕಲ್ಲು ದೂರದಿಂದ ಬಂದದ್ದಲ್ಲ. ಬೆಟ್ಟದ ಬಂಡೆಗಳ ಮೇಲೆ ಸಾಲಾಗಿ ಚಿಕ್ಕ ಕುಳಿಗಳು ಕಾಣುತ್ತವೆ. ಅಲ್ಲಿ ಬೆಣೆ ಹೊಡೆದು ಬಂಡೆ ಸೀಳುತ್ತಿದ್ದರು. ದೊಡ್ಡ ಬಂಡೆ ಇದ್ದ ಕಡೆ ಗೋಡೆಯೇ ಬೇಕಿಲ್ಲ, ಎರಡು ಬಂಡೆಗಳ ನಡುವಿನ ಜಾಗ ಮುಚ್ಚಿದರೆ ಆಯಿತು.

ಈಗ ನೀರಿನ ವಿಷಯ. ನನ್ನ ಮಟ್ಟಿಗೆ ಇಡೀ ಕೋಟೆಯಲ್ಲಿ ಇದಕ್ಕಿಂತ ಜಾಣ ಕೆಲಸ ಇನ್ನೊಂದಿಲ್ಲ. ಈ ಬೆಟ್ಟದ ಮೇಲೆ ಹೊಳೆ ಇಲ್ಲ, ಬರೀ ಮಳೆ ನೀರೇ ಗತಿ. ಆದರೆ ಬೋಳು ಬಂಡೆ ನೀರನ್ನು ಹೀರುವುದು ತೀರಾ ಕಡಿಮೆ, ಬಿದ್ದದ್ದು ಹರಿದು ಹೋಗುತ್ತದೆ. ಆ ಹರಿವನ್ನೇ ಹಿಡಿದು ಹೊಂಡಗಳನ್ನು ಸಾಲಾಗಿ ಕಟ್ಟಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆಹೊಂಡಕ್ಕೆ. ಪಂಪ್ ಇಲ್ಲ, ಮೋಟಾರ್ ಇಲ್ಲ, ಸುಮ್ನೆ ಇಳಿಜಾರು ಕೆಲಸ ಮಾಡುತ್ತದೆ. ಮೊದಲ ಪಾಲು ಮೇಲಿನ ಕೋಟೆಗೆ, ಹೆಚ್ಚಾದದ್ದು ಊರಿಗೆ. ಮುತ್ತಿಗೆ ಹಾಕಿದವರು ಕೆಳಗಿನ ಹೊಂಡ ಹಿಡಿದರೂ ಮೇಲಿನವರ ನೀರು ನಿಲ್ಲುವುದಿಲ್ಲ, ಅಲ್ವಾ? ಟೂರ್‌ನಲ್ಲಿ ಹೊಂಡದ ಹತ್ತಿರ ಹೆಚ್ಚು ಹೊತ್ತು ನಿಲ್ಲಿಸುವುದಿಲ್ಲ. ನೀವೇ ಕೇಳಿ ನಿಲ್ಲಿಸಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಒಂದು ಚಿಕ್ಕ ನಕ್ಷೆ ಬರೆದುಕೊಳ್ಳಿ. ಎಣ್ಣೆ ಕೊಳ, ತುಪ್ಪದ ಕೊಳ ಅಂತಲೂ ತೋರಿಸುತ್ತಾರೆ. ಸಂಗ್ರಹದ ಲೆಕ್ಕಕ್ಕೆ ಅವನ್ನೂ ಸೇರಿಸಿ.

ಸಿಡಿಮದ್ದು ಬೀಸುವ ಕಲ್ಲುಗಳು ಒಂದು ಗುಂಡಿಯೊಳಗಿವೆ. ದೊಡ್ಡ ನಾಲ್ಕು ಕಲ್ಲುಗಳು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು. ಗುಂಡಿಯಲ್ಲೇ ಯಾಕೆ? ಕಿಡಿ ಬಿದ್ದು ಸಿಡಿದರೆ ಸುತ್ತ ಹಾನಿ ಕಡಿಮೆ ಎಂಬುದು ನನ್ನ ಊಹೆ. ಪರೀಕ್ಷೆಯಲ್ಲಿ ಬರೆದರೆ ಊಹೆ ಅಂತಲೇ ಬರೆಯಿರಿ.

ಇನ್ನು ಓಬವ್ವನ ಕಿಂಡಿ. ಇಲ್ಲಿ ಎಲ್ಲರೂ ಫೋಟೋಗೆ ನೂಕಾಡುತ್ತಾರೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ, ಕಿಂಡಿಯಲ್ಲಿ ತೂರಿ ಬಂದ ಹೈದರನ ಸೈನಿಕರನ್ನು ಓಬವ್ವ ಒನಕೆಯಿಂದ ಒಬ್ಬೊಬ್ಬರನ್ನಾಗಿ ಹೊಡೆದಳು ಎಂಬ ಕಥೆ ಜನರ ಬಾಯಲ್ಲಿ ಉಳಿದು ಬಂದದ್ದು. ಕಿಂಡಿಯ ಅಗಲ ನೋಡಿದರೆ ‘ಒಬ್ಬೊಬ್ಬರನ್ನಾಗಿ’ ಎಂಬ ಮಾತು ಅರ್ಥವಾಗುತ್ತದೆ. ಒಮ್ಮೆಗೆ ಒಬ್ಬನೇ, ಅದೂ ಬಗ್ಗಿ ಬರಬೇಕು. ಬಂಡೆಯನ್ನೇ ಗೋಡೆ ಮಾಡಿಕೊಂಡರೆ ಬಂಡೆಯ ಬಿರುಕೂ ಜೊತೆಗೇ ಬರುತ್ತದೆ. ‘ಕೋಟೆಯ ಬಲ ಮತ್ತು ದುರ್ಬಲತೆ’ ಎಂಬ ಪ್ರಶ್ನೆಗೆ ಹೊಂಡಗಳ ಸಾಲು, ಈ ಕಿಂಡಿ, ಎರಡನ್ನೂ ಹಿಡಿದು ಬರೆಯಿರಿ.