ಮುಳ್ಳು ನಿಂತಾಗ ಡಯಟ್ ಬಿಡುವುದೇ?

ಕಾಸರಗೋಡು, ಕುಂಬಳೆ, ಉಪ್ಪಳದಂಥ ಪೇಟೆಗಳಲ್ಲಿ ಈಗ ತೂಕ ಇಳಿಸುವ ಪ್ಯಾಕೇಜುಗಳಿಗೆ ಬರವಿಲ್ಲ. ಜಿಮ್ಮಿನ ಆರು ತಿಂಗಳ ಸದಸ್ಯತ್ವ, ಬೆಳಗ್ಗಿನ ತಿಂಡಿಯ ಬದಲು ಕುಡಿಯುವ ಶೇಕ್ ಪುಡಿ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಡಯಟ್ ಚಾರ್ಟ್. ಯಾವುದೇ ಆಗಲಿ, ಮೊದಲ ವಾರದಲ್ಲೇ ಒಂದೆರಡು ಕೆ.ಜಿ. ಇಳಿದುಬಿಡುತ್ತದೆ, ಆರೇಳು ತಿಂಗಳಾಗುವಾಗ ತೂಕದ ಮುಳ್ಳು ಒಂದೇ ಕಡೆ ಕೂತಿರುತ್ತದೆ. ಬಿಡುವುದೋ ಮುಂದುವರಿಸುವುದೋ ಎಂಬ ಪ್ರಶ್ನೆ ಏಳುವುದು ಆಗ.

ಮೊದಲ ವಾರದ ಆ ಇಳಿಕೆ ಹೆಚ್ಚಿನಂಶ ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ದಾಸ್ತಾನು, ಇರುತ್ತದೆ. ಅದರ ಪ್ರತಿ ಗ್ರಾಮಿನ ಜತೆ ಮೂರು ಗ್ರಾಮಿನಷ್ಟು ನೀರೂ ಇರುತ್ತದೆ. ಊಟ ಕಡಿಮೆಯಾದಾಗ ಮೊದಲು ಖಾಲಿಯಾಗುವುದು ಈ ದಾಸ್ತಾನು. ಅದನ್ನೇ ಪ್ಯಾಕೇಜಿನ ಪ್ರತಾಪವೆಂದು ನಂಬಿ ಹಣ ಕಟ್ಟಿದವರು, ನೀರಿನ ಇಳಿಕೆ ಮುಗಿದು ಕೊಬ್ಬಿನ ನಿಧಾನದ ಇಳಿಕೆ ಶುರುವಾದಾಗಲೇ ಅನುಮಾನ ಪಡುತ್ತಾರೆ.

ನಿಜವಾಗಿ ನಿಂತಿದೆಯೇ ಎಂದು ತಿಳಿಯಲು ಒಂದು ದಿನದ ತೂಕ ಸಾಲದು. ಬೆಳಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮೊದಲು, ಒಂದೇ ಮಾಪಕದಲ್ಲಿ, ಗಟ್ಟಿ ನೆಲದ ಮೇಲಿಟ್ಟು ತೂಗಬೇಕು. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ ಸರಾಸರಿ ತೆಗೆಯಬೇಕು. ನಾಲ್ಕು ವಾರ ಕಳೆದು ಮತ್ತೊಂದು ಸರಾಸರಿ. ಮುಟ್ಟಾಗುವವರು ಋತುಚಕ್ರದ ಅದೇ ವಾರವನ್ನು ಅದೇ ವಾರಕ್ಕೆ ಹೋಲಿಸಬೇಕು. ಆಟಿಯ ಮಳೆಯಲ್ಲಿ ಉಪ್ಪುಸೊಳೆ ಪಲ್ಯ, ಒಣಮೀನು ಚಟ್ನಿ, ಉಪ್ಪಿನಕಾಯಿ ಎಂದು ಉಂಡ ಮರುದಿನ ಮುಳ್ಳು ಏರಿದರೆ ಅದು ಉಪ್ಪು ಹಿಡಿದಿಟ್ಟ ನೀರು, ಗಾಬರಿ ಬೇಡ. ಜತೆಗೆ ಸೊಂಟದ ಟೇಪು: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಟ್ಟನಡುವೆ, ಉಸಿರು ಸಹಜವಾಗಿ ಹೊರಬಿಟ್ಟಾಗ. ಹೊಟ್ಟೆ ಒಳಗೆಳೆದು ಅಳೆದರೆ ಮೋಸ ಹೋಗುವವರು ನಾವೇ. ಎರಡು ಸರಾಸರಿಗಳ ಅಂತರ ಅರ್ಧ ಕೆ.ಜಿ.ಗಿಂತ ಕಡಿಮೆ, ಸೊಂಟವೂ ಇದ್ದಲ್ಲೇ ಇದೆ ಎಂದಾದರೆ ತೂಕ ನಿಂತಿದೆ ಎಂದು ಒಪ್ಪಬಹುದು.

ನಿಲ್ಲುವುದಾದರೂ ಏಕೆ? ಒಂದು ಕೆ.ಜಿ. ಕೊಬ್ಬಿಗೆ 7,700 ಕ್ಯಾಲೊರಿ ಎಂಬ ಸೂತ್ರವನ್ನು ಚಾರ್ಟ್ ಕೊಡುವವರೆಲ್ಲ ಹೇಳುತ್ತಾರೆ. ಆ ಪ್ರಕಾರ ದಿನಕ್ಕೆ 240 ಕ್ಯಾಲೊರಿ ಕಡಿಮೆ ತಿಂದರೆ ವರ್ಷಕ್ಕೆ ಹನ್ನೊಂದು ಕೆ.ಜಿ. ಇಳಿಯಬೇಕು, ಮರುವರ್ಷ ಇನ್ನೂ ಹನ್ನೊಂದು, ಹೀಗೇ ಮನುಷ್ಯ ಮಾಯವಾಗುವ ತನಕ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಈ ಲೆಕ್ಕವನ್ನು ತಿದ್ದಿದರು. ದೇಹ ಸಣ್ಣದಾದಂತೆ ಅದರ ಖರ್ಚೂ ಇಳಿಯುತ್ತದೆ. ದಿನಕ್ಕೆ 24 ಕ್ಯಾಲೊರಿಯ ಕಾಯಂ ಕಡಿತಕ್ಕೆ ಕೊನೆಗೆ ಸಿಗುವುದು ಒಂದು ಕೆ.ಜಿ. ಇಳಿಕೆ ಮಾತ್ರ, ಅರ್ಧ ಭಾಗ ಮೊದಲ ವರ್ಷದಲ್ಲಿ, ಉಳಿದದ್ದರ ಬಹುಪಾಲು ಮೂರು ವರ್ಷದೊಳಗೆ. ಅಂದರೆ 240 ಕ್ಯಾಲೊರಿಯ ಕಡಿತಕ್ಕೆ ಮೊದಲ ವರ್ಷ ಐದು ಕೆ.ಜಿ., ಒಟ್ಟು ಹತ್ತು. ಆಮೇಲೆ ನಿಲುಗಡೆ.

ಹಸಿವಿನ ಲೆಕ್ಕ ಇದಕ್ಕಿಂತ ಕಠಿಣ. ಕಳೆದುಕೊಂಡ ಪ್ರತಿ ಕೆ.ಜಿ.ಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿ ಇಳಿದರೆ, ತಿನ್ನುವ ಸೆಳೆತ ಸುಮಾರು 100 ಕ್ಯಾಲೊರಿ ಏರುತ್ತದೆ ಎಂದು ಹಾಲ್ ಅವರ ತಂಡವೇ 2016ರಲ್ಲಿ ಅಂದಾಜು ಮಾಡಿತು. ಆರು ಕೆ.ಜಿ. ಇಳಿಸಿದವರನ್ನು ದೇಹ ದಿನಕ್ಕೆ 600 ಕ್ಯಾಲೊರಿಯಷ್ಟು ಊಟದ ಕಡೆಗೆ ಎಳೆಯುತ್ತಿರುತ್ತದೆ. ಹೆಚ್ಚಿನ ಡಯಟ್‌ಗಳು ಆರೇಳು ತಿಂಗಳಿಗೆ ನಿಂತುಬಿಡುವುದು ಇದರಿಂದ: ಗೊತ್ತಿಲ್ಲದಂತೆ ಸೌಟು ದೊಡ್ಡದಾಗುತ್ತದೆ. 1992ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, 'ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ' ಎನ್ನುವವರನ್ನು ಅಳೆದು ನೋಡಿದಾಗ ಅವರು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ಸುಳ್ಳು ಹೇಳುವ ಉದ್ದೇಶ ಇರಲೇಬೇಕೆಂದಿಲ್ಲ. ಮನುಷ್ಯನಿಗೆ ಕಣ್ಣಳತೆ ಸರಿಯಾಗಿ ಬರುವುದಿಲ್ಲ, ಅಷ್ಟೆ.

ಹಾಗಾಗಿ ಬಿಡುವ ಮೊದಲು ಒಂದು ವಾರ ಅಡುಗೆಮನೆಯನ್ನು ತೂಗಬೇಕು. ನಮ್ಮ ಕಡೆಯ ಚಾರ್ಟುಗಳಲ್ಲಿ ಅನ್ನ, ಚಪಾತಿಯ ಲೆಕ್ಕವಿರುತ್ತದೆ. ತೆಂಗಿನ ಲೆಕ್ಕ ಇರುವುದಿಲ್ಲ. ತೆಂಗಿನೆಣ್ಣೆಯ ಬಾಟಲಿಯನ್ನು ಭಾನುವಾರ ತೂಗಿ ಬರೆದಿಡಿ, ಮುಂದಿನ ಭಾನುವಾರ ಮತ್ತೆ ತೂಗಿ. ನಾಲ್ಕು ಜನರ ಮನೆಯಲ್ಲಿ 700 ಗ್ರಾಂ ಹೋಗಿದ್ದರೆ ತಲೆಗೆ ದಿನಕ್ಕೆ 25 ಗ್ರಾಂ, ಅಂದರೆ 225 ಕ್ಯಾಲೊರಿ. ಹಾಲ್ ಲೆಕ್ಕದ ಆ 240ರ ಕಡಿತವನ್ನು ಬಹುತೇಕ ನುಂಗಿಹಾಕಲು ಇಷ್ಟು ಸಾಕು. ಮಜ್ಜಿಗೆಹುಳಿಗೆ ಅರೆಯುವ ತೆಂಗಿನ ತುರಿ 100 ಗ್ರಾಮಿಗೆ ಸುಮಾರು 350 ಕ್ಯಾಲೊರಿ. ಬಾಳೆಕಾಯಿ ಚಿಪ್ಸ್ 100 ಗ್ರಾಮಿಗೆ 500ಕ್ಕೂ ಮೇಲೆ. ಚಹಾದ ಜತೆ ಎರಡು ಮುಷ್ಟಿ ಹೋದದ್ದು ಯಾವ ಚಾರ್ಟಿನಲ್ಲೂ ದಾಖಲಾಗುವುದಿಲ್ಲ. ಗಂಜಿಯ ಮಟ್ಟಿಗೆ ಬಟ್ಟಲು ನೋಡಬೇಡಿ, ಬೇಯಿಸುವ ಮೊದಲು ಅಕ್ಕಿಯನ್ನು ತೂಗಿ: ಕುಚ್ಚಿಲಕ್ಕಿ 100 ಗ್ರಾಮಿಗೆ ಸುಮಾರು 350. ಗಂಜಿಯಲ್ಲಿ ನೀರು ಎಷ್ಟೇ ಇರಲಿ, ಲೆಕ್ಕ ಅಕ್ಕಿಯದ್ದು. ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಂಜೆಯ ನಡಿಗೆ ತಪ್ಪುತ್ತದೆ, ಚಾರ್ಟ್ ಮಾತ್ರ ಬೇಸಿಗೆಯದ್ದೇ ಇರುತ್ತದೆ. ಇಂಥ ಸೋರಿಕೆ ಸಿಕ್ಕಿದರೆ ಅದನ್ನು ಕಟ್ಟಿ ಇನ್ನೂ ನಾಲ್ಕು ವಾರ ನೋಡುವುದು ಒಳ್ಳೆಯದು.

ತೂಕ ನಿಂತರೂ ಕಾರ್ಯಕ್ರಮ ಕೆಲಸ ಮಾಡುತ್ತಿರಬಹುದು ಎಂಬುದನ್ನು ಮಾತ್ರ ಮರೆಯಬಾರದು. ಚೆನ್ನೈಯ ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲಿತಾಂಶ 2006ರಲ್ಲಿ ಬಂತು. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರಿಗೆ ಊಟ, ನಡಿಗೆಯ ಸಲಹೆ ಕೊಟ್ಟಾಗ ಕಾಯಿಲೆಗೆ ಜಾರುವ ಸಾಧ್ಯತೆ ಮೂರು ವರ್ಷದಲ್ಲಿ ಶೇ. 28.5ರಷ್ಟು ಇಳಿಯಿತು. ಅವರ ತೂಕ ಗಮನಾರ್ಹವಾಗಿ ಇಳಿದಿರಲೇ ಇಲ್ಲ! ಆದ್ದರಿಂದ ನಿರ್ಧಾರಕ್ಕೆ ಮೊದಲು ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ನೋಡಿಸಿ, ಶುರುವಿನ ಅಂಕಿಗೆ ಹೋಲಿಸಬೇಕು. ಅವು ಸುಧಾರಿಸಿದ್ದರೆ ನಡಿಗೆ, ಊಟದ ಕ್ರಮ ಉಳಿಯಲಿ; ಶುಲ್ಕ ಕಟ್ಟುವುದನ್ನು ನಿಲ್ಲಿಸಬಹುದು.

ಸೋರಿಕೆ ಕಟ್ಟಿಯೂ ನಾಲ್ಕು ವಾರ ಏನೂ ಆಗಲಿಲ್ಲ, ಬಿಪಿ, ಸಕ್ಕರೆಯೂ ಹಾಗೆಯೇ ಇವೆ ಎಂದರೆ ಬಿಡುವುದೇ ಸರಿ. ವೈದ್ಯಶಾಸ್ತ್ರ ಇದನ್ನು ಸೋಲು ಎಂದು ನೋಡುವುದಿಲ್ಲ. ಆರ್ಲಿಸ್ಟಾಟ್ ಮಾತ್ರೆ 12 ವಾರದಲ್ಲಿ ಶೇ. 5ರಷ್ಟು ತೂಕ ಇಳಿಸದಿದ್ದರೆ ನಿಲ್ಲಿಸಿ ಎಂಬುದು ಯುರೋಪಿನಲ್ಲಿ ಆ ಔಷಧದ ಬಳಕೆಯ ನಿಯಮ. 80 ಕೆ.ಜಿ.ಯವರಿಗೆ ಶೇ. 5 ಎಂದರೆ 4 ಕೆ.ಜಿ. ಪುಡಿಯ ಡಬ್ಬಿಗೆ, ಜಿಮ್ಮಿಗೆ ಇಂಥ ನಿಯಮ ಯಾರೂ ಬರೆದುಕೊಡುವುದಿಲ್ಲ, ನಾವೇ ಬರೆದುಕೊಳ್ಳಬೇಕು. ಕಟ್ಟಿದ ಹಣ ಹಾಳಾಗುತ್ತದೆಂಬ ಚಿಂತೆಯೂ ಬಿಡಲು ಬಿಡುವುದಿಲ್ಲ. ಓಹಾಯೊ ವಿಶ್ವವಿದ್ಯಾಲಯದ ನಾಟಕಗಳ ಸೀಸನ್ ಟಿಕೆಟನ್ನು ಪೂರ್ತಿ ಬೆಲೆ ಕೊಟ್ಟು ಕೊಂಡವರು ರಿಯಾಯಿತಿ ಸಿಕ್ಕವರಿಗಿಂತ ಹೆಚ್ಚು ನಾಟಕಗಳಿಗೆ ಹೋದರು ಎಂದು ಸಂಶೋಧಕರಾದ ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ತೋರಿಸಿದ್ದರು. ನಾಟಕವೆಲ್ಲ ಒಂದೇ, ಜಾಸ್ತಿ ಇದ್ದದ್ದು ಕೊಟ್ಟ ಹಣದ ಸಂಕಟ. ಉಳಿದ ಎರಡು ಡಬ್ಬಿ ಪುಡಿಯ ಕಥೆಯೂ ಅದೇ.

ತಲೆಸುತ್ತು, ಮುಟ್ಟು ನಿಂತುಹೋಗುವುದು, ಕದ್ದು ತಿಂದು ಪಶ್ಚಾತ್ತಾಪಪಡುವ ಚಾಳಿ, ಬಲಗಡೆ ಪಕ್ಕೆಯ ಕೆಳಗೆ ನೋವು (ವೇಗವಾಗಿ ತೂಕ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚು): ಇವು ಕಂಡರೆ ನಾಲ್ಕು ವಾರವೂ ಕಾಯಬಾರದು. ಡಯಟ್ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಬಿಡುವುದಕ್ಕೂ ಕ್ರಮವಿದೆ. ಶೇಕ್ ಕುಡಿಯುತ್ತಿದ್ದ ಹೊತ್ತಿಗೆ ಒಮ್ಮೆಲೇ ಹಳೆಯ ತಿಂಡಿಗೆ ಹಾರದೆ, ಬೇಯಿಸಿದ ಹೆಸರುಕಾಳು, ಮೊಟ್ಟೆ, ಹುರಿಯದೆ ಸಾರು ಮಾಡಿದ ಬೂತಾಯಿ ಮೀನಿನಂಥ ಪ್ರೋಟೀನ್ ಇರುವ ಊಟ ಬರಲಿ. ಮೊದಲ ವಾರ ಒಂದರಿಂದ ಎರಡು ಕೆ.ಜಿ. ಏರುವುದು ಸಹಜ, ಶುರುವಿನಲ್ಲಿ ಖಾಲಿಯಾಗಿದ್ದ ಗ್ಲೈಕೋಜನ್ ದಾಸ್ತಾನು ನೀರಿನೊಂದಿಗೆ ತುಂಬುತ್ತದೆ. ಎರಡು ವಾರ ಕಳೆದು ಬರುವ ಸರಾಸರಿಯನ್ನು ಹೊಸ ನೆಲೆಯೆಂದು ಬರೆದಿಡಬೇಕು. ಅದಕ್ಕಿಂತ ಎರಡು ಕೆ.ಜಿ. ಮೇಲೆ ಒಂದು ಗೆರೆ: ಸರಾಸರಿ ಆ ಗೆರೆ ದಾಟಿದರೆ ಎಣ್ಣೆಯ ಬಾಟಲಿ ಮತ್ತೆ ತಕ್ಕಡಿಗೆ. ವಾರಕ್ಕೆ 150 ನಿಮಿಷದ ನಡಿಗೆ ಬಿಡಬೇಡಿ. ಮಳೆ ಬಂದರೆ ಜಗಲಿಯೇ ಆಗಲಿ.

ತೂಕದ ಚುಚ್ಚುಮದ್ದು ತೆಗೆದುಕೊಳ್ಳುವವರ ವಿಷಯ ಬೇರೆ. ಇಂಥ ಮದ್ದಾದ ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಪಾಲು ಒಂದೇ ವರ್ಷದಲ್ಲಿ ಮರಳಿತ್ತು. ಅಲ್ಲಿ ಮುಳ್ಳು ನಿಂತಿದೆ ಎಂದರೆ ಮದ್ದು ಅದನ್ನು ಹಿಡಿದು ನಿಲ್ಲಿಸಿದೆ ಎಂದೂ ಇರಬಹುದು, ವೈದ್ಯರನ್ನು ಕೇಳದೆ ಬಿಡುವಂತಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರು, ಬಿಪಿ ಮಾತ್ರೆ ನುಂಗುವವರು ಇನ್ನೊಂದು ಕೆಲಸ ಮಾಡಬೇಕು: ಡಯಟ್ ಸಮಯದಲ್ಲಿ ಡೋಸ್ ಇಳಿಸಿದ್ದರೆ ಊಟ ಹೆಚ್ಚಾದ ಮೇಲೆ ಆ ಡೋಸ್ ಸಾಲದಿರಬಹುದು. ಬಿಟ್ಟ ವಾರದಿಂದಲೇ ಸಕ್ಕರೆ, ಬಿಪಿ ಬರೆದಿಟ್ಟು, ಹಳೆಯ ಮತ್ತು ಹೊಸ ಔಷಧ ಚೀಟಿ ಎರಡನ್ನೂ ವೈದ್ಯರಿಗೆ ತೋರಿಸಬೇಕು.