ವೈಡ್ ಜೂಮ್ ತಗೊಳ್ಳುವ ಮೊದಲು ಎರಡನೇ ನಂಬರ್ ನೋಡಿ

ಮಿರರ್‌ಲೆಸ್ ಕ್ಯಾಮೆರಾ ತಗೊಂಡು ಸ್ವಲ್ಪ ದಿನ ಆದ ಮೇಲೆ ಎಲ್ಲರಿಗೂ ಒಂದೇ ಆಸೆ ಹುಟ್ಟುತ್ತದೆ. ಒಂದು ವೈಡ್ ಲೆನ್ಸ್ ಬೇಕು, ಚಿಕ್ಕದಾಗಿರಬೇಕು, ಬ್ಯಾಗಿನಲ್ಲಿ ಸುಮ್ನೆ ಬಿದ್ದಿರಬೇಕು. ನನ್ನ ಹತ್ತಿರ ಬರುವ ಹುಡುಗರು ಕೇಳುವುದೂ ಒಂದೇ: "ಅಣ್ಣಾ, ಯಾವುದು ಜಾಸ್ತಿ ವೈಡ್?" ನಾನು ತಿರುಗಿ ಕೇಳುತ್ತೇನೆ, ಇನ್ನೊಂದು ತುದಿ ಎಲ್ಲಿಗೆ ನಿಲ್ಲುತ್ತೆ ನೋಡಿದ್ಯಾ? ಲೆನ್ಸಿನ ಮೇಲೆ 10-18 ಅಂತ ಇದ್ದರೆ (ಮಿಲಿಮೀಟರಿನಲ್ಲಿ ಫೋಕಲ್ ಲೆಂತ್, ನಂಬರ್ ಚಿಕ್ಕದಾದಷ್ಟೂ ನೋಟ ಅಗಲ) ಎಲ್ಲರ ಕಣ್ಣು 10ರ ಮೇಲೆ. ಆದರೆ ಆ ಲೆನ್ಸ್ ನಿಮ್ಮ ಕ್ಯಾಮೆರಾದಲ್ಲಿ ದಿನವಿಡೀ ಇರುತ್ತಾ ಇಲ್ಲಾ ಬ್ಯಾಗಿನಲ್ಲೇ ಇರುತ್ತಾ ಅನ್ನೋದನ್ನ ತೀರ್ಮಾನ ಮಾಡುವುದು ಎರಡನೇ ನಂಬರ್.

ನಾನು ಮೈಸೂರಿನಲ್ಲಿ ಹೋಂಸ್ಟೇ, ಹೋಟೆಲ್ ರೂಮು, ಹೊಸ ಮನೆಗಳ ಫೋಟೋ ತೆಗೆಯುವವನು. ಸೀಸನ್ ಬಂದರೆ ಮೈಸೂರು, ಮಂಡ್ಯದ ಛತ್ರಗಳಲ್ಲಿ ಮದುವೆ. ಹಾಗಾಗಿ ವೈಡ್ ಲೆನ್ಸ್ ನನಗೆ ಅನ್ನ ಕೊಡುವ ಸಾಮಾನು. ಮುಂದೆ ಹೇಳುವ ನಂಬರ್‌ಗಳೆಲ್ಲ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ) ಸೆನ್ಸರ್ ಲೆಕ್ಕದಲ್ಲಿ, ಯಾಕೆಂದರೆ ಹೆಚ್ಚಿನವರ ಕೈಯಲ್ಲಿ ಇರುವುದು ಅದೇ. ಫುಲ್ ಫ್ರೇಮ್‌ಗೆ ಹೋಲಿಸಬೇಕಾದರೆ 1.5ರಿಂದ ಗುಣಿಸಿ. ಕ್ಯಾನನ್ ಆದರೆ 1.6. ಮೈಕ್ರೋ ಫೋರ್ ಥರ್ಡ್ಸ್ ಆದರೆ 2. ಅಷ್ಟೇ.

ಮೊದಲು ಆ ಅಗಲದ ಹುಚ್ಚಿನ ಲೆಕ್ಕ ನೋಡೋಣ. ಹಳೇ ಅಗ್ರಹಾರದ ಮನೆಯೊಂದನ್ನು ಹೋಂಸ್ಟೇ ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಹತ್ತು ಅಡಿಗೆ ಹತ್ತು ಅಡಿ ರೂಮು. ಬಾಗಿಲು ಗೋಡೆಯ ನಡುವೆ ಇದೆ, ನೀವು ಹೊಸ್ತಿಲಲ್ಲಿ ನಿಂತು ಎದುರು ಗೋಡೆ ನೋಡುತ್ತಿದ್ದೀರಿ, ಲೆನ್ಸು ಗೋಡೆಯ ಸಾಲಿಗೇ ಇದೆ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸಿನ 16ರಲ್ಲೇ ಎದುರು ಗೋಡೆ ಪೂರ್ತಿ ಬಂದುಬಿಡುತ್ತದೆ. ಪಕ್ಕದ ಗೋಡೆಗಳು ಮಾತ್ರ ಮೂಲೆಯಿಂದ ಈಚೆಗೆ ಮೂರು ಅಡಿಯಷ್ಟೇ ಕಾಣುತ್ತವೆ. ಮಂಚ ಅರ್ಧ, ಬೀರು ಇಲ್ಲವೇ ಇಲ್ಲ. 12 ಹಾಕಿ, ಪಕ್ಕದ ಗೋಡೆ ಹತ್ತಿರ ಹತ್ತಿರ ಐದು ಅಡಿ ಕಾಣುತ್ತದೆ. 10 ಹಾಕಿ, ಐದೂಮುಕ್ಕಾಲು. ನೋಡಿ, 16ರಿಂದ 12ಕ್ಕೆ ಬಂದರೆ ಸುಮಾರು ಎರಡು ಅಡಿ ಲಾಭ, ಅಲ್ಲಿಂದ 10ಕ್ಕೆ ಇಳಿದರೆ ಒಂದು ಅಡಿಯೂ ಇಲ್ಲ! ಇರುವ ದುಡ್ಡೆಲ್ಲ ಸುರಿದು ಜನ ಜಗಳ ಆಡುವುದು ಈ ಒಂದಡಿಗೆ. ಕೆಲಸಕ್ಕೆ ಆ ಒಂದಡಿಯೂ ಬೇಕಾಗುತ್ತದೆ, ಇಲ್ಲ ಅನ್ನಲ್ಲ, ಬಾತ್‌ರೂಮ್ ಫೋಟೋ ತೆಗೆದವರಿಗೆ ಗೊತ್ತು. ಆದರೆ 10ರಲ್ಲಿ ತೆಗೆದ ರೂಮು ಮದುವೆ ಹಾಲಿನಷ್ಟು ದೊಡ್ಡದಾಗಿ ಕಾಣುತ್ತದೆ, ಅದನ್ನು ನಂಬಿ ಬುಕ್ ಮಾಡಿದವರು ಬಂದು ಬಾಗಿಲು ತೆಗೆದ ಕೂಡಲೇ ಓನರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ನಾನು ಬಹಳಷ್ಟು ರೂಮುಗಳನ್ನು 12, 13ರಲ್ಲೇ ಮುಗಿಸುತ್ತೇನೆ. ಕ್ಯಾಮೆರಾ ಎದೆಮಟ್ಟದಲ್ಲಿ, ಮೇಲೆ ಕೆಳಗೆ ವಾಲದ ಹಾಗೆ ಮಟ್ಟಸವಾಗಿ ಹಿಡಿದರೆ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಅರ್ಧ ಕೆಲಸ ಅಲ್ಲೇ ಆಯ್ತು.

ಈಗ ಮನುಷ್ಯರ ವಿಷಯ. ಇದನ್ನು ಯಾರೂ ಅಂಗಡಿಯಲ್ಲಿ ಹೇಳಲ್ಲ.

ಧಾರೆಯ ಹೊತ್ತು. ಮಂಟಪದ ಮೇಲೆ ಕಾಲಿಡಲು ಜಾಗ ಇಲ್ಲ. ವೀಡಿಯೋದವರು ನಡುವೆ ನಿಂತಿದ್ದಾರೆ, ಪುರೋಹಿತರು ಹಿಂದೆ ಸರಿಯಿರಿ ಅಂತ ಕೈ ಮಾಡುತ್ತಿದ್ದಾರೆ, ಓಲಗ ಜೋರಾಗಿದೆ. ನೀವು ಗಂಡು ಹೆಣ್ಣಿನಿಂದ ನಾಲ್ಕಡಿ ದೂರದಲ್ಲಿ ಮಂಡಿಯೂರಿದ್ದೀರಿ. 10ಕ್ಕೆ ತಿರುಗಿಸಿದರೆ ಎಲ್ಲರೂ ಬರುತ್ತಾರೆ, ನಿಜ. ಆದರೆ ಫ್ರೇಮಿನ ಎಡ, ಬಲ ಅಂಚಿನಲ್ಲಿ ಗುಂಡಗಿರುವ ವಸ್ತು ಏನೇ ಇರಲಿ, ಎತ್ತರಕ್ಕಿಂತ ಒಂದೂವರೆ ಪಟ್ಟು ಅಗಲವಾಗುತ್ತದೆ. ತಲೆಯೂ ಗುಂಡಗೇ ಇರುವುದು, ಅಲ್ವಾ? ಸೋದರಮಾವನ ಮುಖ ಹಲಸಿನ ಹಣ್ಣು ಅಡ್ಡ ಮಲಗಿಸಿದ ಹಾಗೆ ಬಂದಿರುತ್ತದೆ. ಇದು ಲೆನ್ಸಿನ ದೋಷ ಅಲ್ಲ. ಎಷ್ಟು ಲಕ್ಷದ ಲೆನ್ಸ್ ತಂದರೂ ಇಷ್ಟೇ, ನೆಟ್ಟಗಿನ ಗೆರೆಯನ್ನು ನೆಟ್ಟಗೇ ತೋರಿಸಬೇಕಾದರೆ ಅಂಚು ಹಿಗ್ಗಲೇಬೇಕು. 18ರಲ್ಲಿ ಅದೇ ಅಂಚಿನ ವಸ್ತು ಎತ್ತರಕ್ಕಿಂತ ಐದರಲ್ಲಿ ಒಂದು ಭಾಗದಷ್ಟು ಮಾತ್ರ ಹೆಚ್ಚು ಅಗಲವಾಗುತ್ತದೆ, 24ರಲ್ಲಿ ಹತ್ತರಲ್ಲಿ ಒಂದು ಭಾಗದ ಹತ್ತಿರ. ಅಲ್ಲಿಗೆ ಬಂದರೆ ಯಾರ ಕಣ್ಣಿಗೂ ಬೀಳಲ್ಲ. ಹಾಗಾಗಿ ಜನ ಇರುವ ಕಡೆ ನಿಮ್ಮ ವೈಡ್ ಜೂಮ್ ಇರಬೇಕಾದದ್ದು 18ರಿಂದ 24ರ ನಡುವೆ. ಅಷ್ಟು ದೂರ ಹೋಗದ ಲೆನ್ಸ್ ತಗೊಂಡರೆ ತಾಳಿ ಕಟ್ಟುವ ಹೊತ್ತಿಗೆ ಲೆನ್ಸ್ ಬದಲಾಯಿಸುತ್ತಾ ಕೂರಬೇಕು. ಇಲ್ಲಾ ಇನ್ನೊಂದು ಕ್ಯಾಮೆರಾ ಬಾಡಿ ಕುತ್ತಿಗೆಗೆ ಹಾಕಿಕೊಳ್ಳಬೇಕು.

ಈ ಕಣ್ಣಿನಿಂದ ಮಾರ್ಕೆಟ್ ನೋಡಿ. ಕ್ಯಾನನ್ ಆರ್‌ಎಫ್-ಎಸ್ 10-18 ಬರೀ 150 ಗ್ರಾಂ, ಜೇಬಿಗೆ ಹಾಕಿಕೊಳ್ಳಬಹುದು, ಆದರೆ ಬೆಳಕು ಎಫ್ 4.5ರಿಂದ 6.3 (ಎಫ್ ನಂಬರ್ ಚಿಕ್ಕದಾದಷ್ಟೂ ಜಾಸ್ತಿ ಬೆಳಕು). ಸೋನಿ 10-20 ಎಫ್ 4 ಪವರ್ ಜೂಮ್ 178 ಗ್ರಾಂ. ಜೂಮ್ ಮಾಡಿದಾಗ ಅದರ ಉದ್ದ ಬದಲಾಗಲ್ಲ, ಕ್ಯಾಮೆರಾ ಅಲುಗದ ಹಾಗೆ ಹಿಡಿಯುವ ಗಿಂಬಲ್ ಮೇಲೆ ಬ್ಯಾಲೆನ್ಸ್ ಕೆಡಲ್ಲ, ವೀಡಿಯೋದವರಿಗೆ ಕಣ್ಣುಮುಚ್ಚಿ ಹೇಳುತ್ತೇನೆ. ಸಿಗ್ಮಾ 10-18 ಎಫ್ 2.8 ಸುಮಾರು 260 ಗ್ರಾಂ, ಅಷ್ಟು ಬೆಳಕಿಗೆ ಅಷ್ಟು ಚಿಕ್ಕ ಲೆನ್ಸ್ ಅಂದರೆ ನಿಜಕ್ಕೂ ಶಭಾಶ್ ಅನ್ನಬೇಕು. ಟ್ಯಾಮ್ರಾನ್ 11-20 ಎಫ್ 2.8, 335 ಗ್ರಾಂ. ನಿಕಾನ್ 12-28, 205 ಗ್ರಾಂ. ಫ್ಯೂಜಿ 10-24 ಎಫ್ 4, 385 ಗ್ರಾಂ, ಇದನ್ನು ಪುಟ್ಟದು ಅನ್ನುವುದು ಸ್ವಲ್ಪ ಕಷ್ಟ.

ಒಂದೇ ಲೆನ್ಸ್ ಹಾಕಿಕೊಂಡು ಸ್ಕೂಟರಿನಲ್ಲಿ ಬಸರಾಳು, ಹೊಸಹೊಳಲು ದೇವಸ್ಥಾನ ಅಂತ ಸುತ್ತುವವರಿಗೆ ನನ್ನ ವೋಟು ನಿಕಾನ್ 12-28ಕ್ಕೆ ಅಥವಾ ಫ್ಯೂಜಿ 10-24ಕ್ಕೆ. ಯಾವ ಕಂಪನಿ ದೊಡ್ಡದು ಅಂತಲ್ಲ. ಅವುಗಳ ಎರಡನೇ ನಂಬರ್ ದೊಡ್ಡದು. ಬ್ಯಾಗಿನಲ್ಲಿ ಇನ್ನೊಂದು ಲೆನ್ಸ್ ಇದ್ದೇ ಇರುತ್ತೆ ಅನ್ನುವವರು ಸೋನಿ, ಕ್ಯಾನನ್ ಪುಟ್ಟವು ನೋಡಬಹುದು. ಫುಲ್ ಫ್ರೇಮಿನವರಿಗೆ ಜಾಸ್ತಿ ಹೇಳಬೇಕಿಲ್ಲ. ಸೋನಿಯ 16-35 ಎಫ್ 4 ಪವರ್ ಜೂಮ್ 353 ಗ್ರಾಂ, ನಿಕಾನ್ 14-30 ಎಫ್ 4 485 ಗ್ರಾಂ. 35ರವರೆಗೆ ಹೋಗುವುದನ್ನೇ ನಾನು ಆರಿಸುತ್ತೇನೆ, ಕಾರಣ ಮೇಲೆ ಹೇಳಿದ್ದೇ.

ಎಫ್ 2.8 ಬೇಕಾ, 4 ಸಾಕಾ? ಎರಡಕ್ಕೂ ಒಂದು ಸ್ಟಾಪ್ ವ್ಯತ್ಯಾಸ, ಅಂದರೆ 4ರಲ್ಲಿ ಬೆಳಕು ಅರ್ಧ. ಆಗ ಸೆನ್ಸರಿನ ಸೂಕ್ಷ್ಮತೆ ಏರಿಸಬೇಕು: ಐಎಸ್‌ಒ 3200ರಲ್ಲಿ ಆಗುವ ಕೆಲಸ 6400ಕ್ಕೆ ಹೋಗುತ್ತದೆ. ಈಗಿನ ಕ್ಯಾಮೆರಾಗಳಿಗೆ ಅದು ದೊಡ್ಡ ಕಷ್ಟ ಅಲ್ಲ, ಛತ್ರದಲ್ಲಂತೂ ವೀಡಿಯೋದವರ ಲೈಟು ಕಣ್ಣಿಗೆ ಹೊಡೆಯುತ್ತಿರುತ್ತದೆ. ರಾತ್ರಿ ಆರತಕ್ಷತೆಯಲ್ಲಿ ಹುಡುಗರು ಕುಣಿಯುವುದನ್ನು ಫ್ಲ್ಯಾಶ್ ಇಲ್ಲದೆ ತೆಗೆಯುವವರು, ನಕ್ಷತ್ರ ತೆಗೆಯುವವರು 2.8 ತಗೊಳ್ಳಿ. ಉಳಿದವರು ಆ ದುಡ್ಡು ಉಳಿಸಿ.

ಅದಕ್ಕಿಂತ ದೊಡ್ಡ ಪ್ರಶ್ನೆ ನಡುಕ ತಡೆಯುವ ಸ್ಟೆಬಿಲೈಸೇಷನ್‌ದು. ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋಗಿ. 1258ರ ಹೊಯ್ಸಳರ ಕೆಲಸ. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಾಲಿಟ್ಟರೆ ಕತ್ತಲೆ. ಅಲ್ಲಿ ಎಲ್ಲ ಇರುವುದು ತಲೆಯ ಮೇಲೆ, ಒಂದೊಂದು ಅಂಕಣದ ಭುವನೇಶ್ವರಿಯೂ (ಕೆತ್ತನೆಯ ಚಾವಣಿ) ಬೇರೆ ಬೇರೆ. ಪುರಾತತ್ವ ಇಲಾಖೆಯ ಜಾಗ, ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು, ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ ತೆಗೆಯಬೇಕು. ಕಲ್ಲು ಅಲುಗಾಡಲ್ಲ, ನಿಮ್ಮ ಕೈ ಅಲುಗಾಡುತ್ತದೆ. ಎಫ್ 2.8 ಕೊಡುವುದು ಒಂದೇ ಸ್ಟಾಪ್, ಸ್ಟೆಬಿಲೈಸೇಷನ್ ಅದಕ್ಕಿಂತ ಜಾಸ್ತಿ ಕೊಡುತ್ತದೆ. ಸಿಗ್ಮಾ 10-18, ಟ್ಯಾಮ್ರಾನ್ 11-20, ಸೋನಿ 10-20 ಮೂರರಲ್ಲೂ ಅದು ಇಲ್ಲ. ಕ್ಯಾನನ್, ನಿಕಾನ್, ಫ್ಯೂಜಿಯ ಮೇಲೆ ಹೇಳಿದ ಲೆನ್ಸ್‌ಗಳಲ್ಲಿ ಇದೆ. ನಿಮ್ಮ ಬಾಡಿಯಲ್ಲೇ ಇದ್ದರೆ, ಉದಾಹರಣೆಗೆ ಸೋನಿ ಎ6700 ಅಥವಾ ಕ್ಯಾನನ್ ಆರ್7, ತಲೆ ಕೆಡಿಸಿಕೊಳ್ಳಬೇಡಿ. ಎ6400, ಝಡ್‌ವಿ-ಇ10 ಇಟ್ಟುಕೊಂಡವರು ಮಾತ್ರ ಇದನ್ನು ಯೋಚಿಸಿಯೇ ದುಡ್ಡು ಕೊಡಿ. ಅಂದ ಹಾಗೆ ಅಲ್ಲಿಯೂ ಅದೇ ಕಥೆ: 10ರಲ್ಲಿ ಕಂಬ, ತೊಲೆ, ಪಕ್ಕದ ಅಂಕಣ ಎಲ್ಲ ಬರುತ್ತದೆ, ಒಂದೇ ಭುವನೇಶ್ವರಿಯ ಕೆತ್ತನೆ ಫ್ರೇಮಿನ ತುಂಬ ಬೇಕಾದರೆ ಜೂಮಿನ ದೊಡ್ಡ ನಂಬರಿನ ತುದಿಗೇ ಹೋಗಬೇಕು.

ಇಷ್ಟು ಚಿಕ್ಕ ಲೆನ್ಸ್ ಹೇಗೆ ಸಾಧ್ಯ ಆಯ್ತು ಅಂತ ಕೆಲವರು ಅನುಮಾನದಿಂದ ಕೇಳುತ್ತಾರೆ. ಎರಡು ಕಾರಣ. ಹಳೇ ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಕೂರುವ ಮೌಂಟಿನಿಂದ ಸೆನ್ಸರಿಗೆ 44 ಮಿ.ಮೀ. ದೂರ, ನಡುವೆ ಕನ್ನಡಿ ಏಳಬೇಕಿತ್ತು. ಸೋನಿ ಇ ಮೌಂಟಿನಲ್ಲಿ 18, ನಿಕಾನ್ ಝಡ್‌ನಲ್ಲಿ 16. ಕನ್ನಡಿ ಹೋಯಿತು, ಹಿಂದಿನ ಗಾಜು ಸೆನ್ಸರಿನ ಹತ್ತಿರಕ್ಕೆ ಬಂತು, ವೈಡ್ ಲೆನ್ಸಿನ ಮುಂದೆ ದೊಡ್ಡ ಗಾಜಿನ ಗುಡ್ಡೆ ಇಡುವ ಕರ್ಮ ತಪ್ಪಿತು. ಇನ್ನೊಂದು, ಗೆರೆ ಬಾಗುವುದನ್ನು ಗಾಜಿನಲ್ಲೇ ಪೂರ್ತಿ ಸರಿ ಮಾಡದೆ ಸಾಫ್ಟ್‌ವೇರಿಗೆ ಬಿಟ್ಟಿದ್ದಾರೆ. ಜೆಪೆಗ್ ತೆಗೆದರೆ ನಿಮಗೆ ಗೊತ್ತೇ ಆಗಲ್ಲ. ಕ್ಯಾಮೆರಾ ತಿದ್ದದ ರಾ ಫೈಲನ್ನು ಲೆನ್ಸ್ ಪ್ರೊಫೈಲ್ ಇಲ್ಲದ ಹಳೇ ಸಾಫ್ಟ್‌ವೇರಿನಲ್ಲಿ ತೆರೆದರೆ ಕಿಟಕಿ ಚೌಕಟ್ಟು ಪೀಪಾಯಿಯಂತೆ ಉಬ್ಬಿರುತ್ತದೆ. ಗಾಬರಿ ಬೇಡ, ಪ್ರೊಫೈಲ್ ಹಾಕಿ.

ಫಿಲ್ಟರ್ ಬಗ್ಗೆ ಒಂದು ಮಾತು. ಭಾನುವಾರ ಸಂಜೆ ಅರಮನೆ ದೀಪ ಹತ್ತಿಸಿದಾಗ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಲೆನ್ಸಿನೊಳಗೆ ಬರುತ್ತವೆ. ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಕಪ್ಪು ಆಕಾಶದಲ್ಲಿ ತಲೆಕೆಳಗಾಗಿ ಹಸಿರು ಚುಕ್ಕೆಗಳ ಸಾಲು ಬರುತ್ತದೆ, ಜನ ಲೆನ್ಸಿಗೆ ಬೈಯುತ್ತಾರೆ. ಫಿಲ್ಟರ್ ಬಿಚ್ಚಿ ಇನ್ನೊಮ್ಮೆ ತೆಗೆಯಿರಿ. ಪೋಲರೈಸರ್ ಕೂಡ ಇಷ್ಟು ಅಗಲಕ್ಕೆ ಒಗ್ಗಲ್ಲ, ಆಕಾಶದ ಒಂದು ಕಡೆ ಗಾಢ ನೀಲಿ, ಇನ್ನೊಂದು ಕಡೆ ಬಿಳಿಚು.

ಕೊನೆಗೆ, ಅಂಗಡಿಯಲ್ಲಿ ಬಿಲ್ ಹಾಕಿಸುವ ಮುಂಚೆ. ಲೆನ್ಸ್ ಹಾಕಿ ಬಾಗಿಲಿಗೆ ಬನ್ನಿ. ಎದುರುಗಡೆ ಮುಚ್ಚಿದ ಅಂಗಡಿಯ ರೋಲಿಂಗ್ ಶಟರ್ ಇದ್ದರೆ ನಿಮ್ಮ ಅದೃಷ್ಟ, ಅದರ ಅಡ್ಡಗೆರೆಗಿಂತ ಒಳ್ಳೆ ಟೆಸ್ಟ್ ಚಾರ್ಟ್ ಬೇಕಿಲ್ಲ. ಶಟರಿಗೆ ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆಗೆದು, ಎರಡೂ ತುದಿಯಲ್ಲಿ ಒಂದೊಂದು ಫೋಟೋ. ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿ. ನಾಲ್ಕೂ ಒಂದೇ ತರ ಸ್ವಲ್ಪ ಮಂಕಾಗಿದ್ದರೆ ಪರವಾಗಿಲ್ಲ, ಎಫ್ 8ರಲ್ಲಿ ಸರಿಹೋಗುತ್ತದೆ. ಮೂರು ಚೆನ್ನಾಗಿದ್ದು ಒಂದು ಮೂಲೆ ಮಾತ್ರ ಕಲಸಿದ ಹಾಗಿದ್ದರೆ ಒಳಗಿನ ಗಾಜು ಓರೆ ಕೂತಿದೆ ಅಂತ ಅರ್ಥ. ಇನ್ನೊಂದು ಪೀಸ್ ತೆಗೆಸಿ. ಅಂಗಡಿಯವರು "ವೈಡ್ ಲೆನ್ಸ್ ಅಂದ್ರೆ ಹಂಗೇ ಸಾರ್" ಅನ್ನುತ್ತಾರೆ. ಅಲ್ಲ, ಹಂಗಲ್ಲ.