‘ಟಕ್’ ಎಂದು ಸುಮ್ಮನಾಗುವ ಲಾರಿ: ದೋಷ ಬ್ಯಾಟರಿಯಲ್ಲೋ, ಸೆಲ್ಫ್‌ನಲ್ಲೋ, ನಡುವಿನ ದಾರಿಯಲ್ಲೋ?

ಓದುಗರ ಪ್ರಶ್ನೆ: ನಮ್ಮದು ಹತ್ತು ಚಕ್ರದ ಲಾರಿ. ಸುಗ್ಗಿಯಲ್ಲಿ ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ, ಉಳಿದ ದಿನಗಳಲ್ಲಿ ಚಿತ್ರದುರ್ಗದ ಕಡೆಯಿಂದ ಅದಿರು ಸಾಗಿಸುತ್ತೇವೆ. ಕೆಲವು ದಿನ ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಬಂದು ಸುಮ್ಮನಾಗುತ್ತದೆ. ಎಂಜಿನ್ ತಿರುಗುವುದೇ ಇಲ್ಲ. ಮೀಟರ್ ಹಿಡಿದರೆ ಬ್ಯಾಟರಿಯಲ್ಲಿ 25 ವೋಲ್ಟ್ ತೋರಿಸುತ್ತದೆ. ಎರಡೂ ಬ್ಯಾಟರಿ ಹೊಸದು ಹಾಕಿಸಿದೆವು, ಮೂರು ವಾರ ಸರಿಯಿತ್ತು. ಆಮೇಲೆ ಸೆಲ್ಫ್ (ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್) ಬಿಚ್ಚಿಸಿ ರಿಪೇರಿ ಮಾಡಿಸಿದೆವು, ಒಂದು ತಿಂಗಳು ಸರಿಯಿತ್ತು. ಈಗ ಮತ್ತೆ ಅದೇ ಕಥೆ. ಇನ್ನು ಏನನ್ನು ಬದಲಿಸಬೇಕು?

ಉತ್ತರ: ಸದ್ಯಕ್ಕೆ ಏನನ್ನೂ ಬದಲಿಸಬೇಡಿ. ನಿಮ್ಮ ಪ್ರಶ್ನೆಯಲ್ಲಿಯೇ ಒಂದು ದೊಡ್ಡ ಸುಳಿವು ಇದೆ. ಬ್ಯಾಟರಿ ಬದಲಿಸಿದಾಗಲೂ ಲಾರಿ ಸರಿಯಾಯಿತು, ಸೆಲ್ಫ್ ಬಿಚ್ಚಿದಾಗಲೂ ಸರಿಯಾಯಿತು, ಎರಡು ಸಲವೂ ಕೆಲವೇ ವಾರಗಳ ಮಟ್ಟಿಗೆ. ಈ ಎರಡೂ ಕೆಲಸಗಳಲ್ಲಿ ಮೆಕ್ಯಾನಿಕ್ ದಪ್ಪ ಕೇಬಲ್‌ಗಳ ಲಗ್‌ಗಳನ್ನು (ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಲೋಹದ ಬಳೆಗಳನ್ನು) ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಲೇಬೇಕಾಗುತ್ತದೆ. ವಾಸಿ ಮಾಡಿದ್ದು ಆ ಉಜ್ಜುವಿಕೆ, ಹೆಸರು ಬಂದದ್ದು ಹೊಸ ಬ್ಯಾಟರಿಗೆ ಎಂಬ ಅನುಮಾನ ನನಗೆ ಬಲವಾಗಿದೆ. ಆದರೆ ಅನುಮಾನದ ಮೇಲೆ ಹಣ ಹಾಕುವುದು ಬೇಡ. ಒಂದು ಮಲ್ಟಿಮೀಟರ್ ಮತ್ತು ಕೀ ತಿರುಗಿಸಲು ಒಬ್ಬ ಸಹಾಯಕ ಇದ್ದರೆ ಅರ್ಧ ಗಂಟೆಯಲ್ಲಿ ಅಳೆದೇ ನೋಡಬಹುದು.

ಮೊದಲು ಆ 25 ವೋಲ್ಟ್‌ನ ವಿಚಾರ. ನಿಮ್ಮ ಲಾರಿಯಲ್ಲಿ 12 ವೋಲ್ಟ್‌ನ ಎರಡು ಬ್ಯಾಟರಿಗಳು ಸರಣಿಯಲ್ಲಿ ಸೇರಿ 24 ವೋಲ್ಟ್‌ನ ವ್ಯವಸ್ಥೆಯಾಗಿದೆ. ಪೂರ್ತಿ ಚಾರ್ಜ್ ಆಗಿ ಸುಮ್ಮನೆ ನಿಂತಿರುವ ಒಂದು ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, ಎರಡೂ ಸೇರಿ 25.2. ಹಾಗಾಗಿ ನಿಮ್ಮ ಅಳತೆ ಸುಳ್ಳಲ್ಲ, ಆದರೆ ಅದು ಕೆಲಸವಿಲ್ಲದೆ ನಿಂತಿರುವಾಗಿನ ಅಳತೆ. ಅಡಿಕೆ ತೋಟದ ಪೈಪಿನ ಗೇಟ್‌ವಾಲ್ವ್ ಮುಚ್ಚಿದ್ದಾಗ ಗೇಜು ಪೂರ್ತಿ ಒತ್ತಡ ತೋರಿಸುತ್ತದೆ. ಪೈಪಿನೊಳಗೆ ಕಸ ಕಟ್ಟಿಕೊಂಡಿರುವುದು ತಿಳಿಯುವುದು ವಾಲ್ವ್ ತೆರೆದು ನೀರು ಹರಿದಾಗಲೇ. ಸೆಲ್ಫ್ ಮೋಟರ್ ತಿರುಗುವಾಗ ನೂರಾರು ಆಂಪಿಯರ್ ಕರೆಂಟ್ ಹರಿಯುತ್ತದೆ. ಅದು 400 ಆಂಪಿಯರ್ ಎಂದಿಟ್ಟುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಜೋಡಣೆಯಲ್ಲಿ ಕೇವಲ 0.01 ಓಮ್ ಪ್ರತಿರೋಧ ಇದ್ದರೂ 4 ವೋಲ್ಟ್ ಅಲ್ಲೇ ನಷ್ಟವಾಗುತ್ತದೆ, ಮತ್ತು 1600 ವ್ಯಾಟ್ ಶಾಖ ಅದೊಂದೇ ಬೋಲ್ಟಿನ ಬುಡದಲ್ಲಿ ಹುಟ್ಟುತ್ತದೆ. ಇಷ್ಟು ಸಣ್ಣ ಪ್ರತಿರೋಧವನ್ನು ಸಾಮಾನ್ಯ ಮಲ್ಟಿಮೀಟರ್‌ನ ಓಮ್ ಸ್ಥಾನದಲ್ಲಿ ಹಿಡಿಯಲಾಗುವುದಿಲ್ಲ. ಅದರ ಪಿನ್ನುಗಳ ತಂತಿಯ ಪ್ರತಿರೋಧವೇ ಅದಕ್ಕಿಂತ ಹೆಚ್ಚು. ಆದ್ದರಿಂದ ಸೆಲ್ಫ್ ಹೊಡೆಯುತ್ತಿರುವಾಗಲೇ ವೋಲ್ಟೇಜ್ ಅಳೆಯಬೇಕು.

ಮೀಟರ್ ಕೈಗೆತ್ತಿಕೊಳ್ಳುವ ಮೊದಲು ಸದ್ದನ್ನು ಗಮನಿಸುವುದು ಒಳ್ಳೆಯದು. ‘ಟಕ ಟಕ ಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಸಾಲನಾಯ್ಡ್ (ಕೀ ತಿರುಗಿಸಿದಾಗ ದಪ್ಪ ಕೇಬಲ್ಲಿನ ಕರೆಂಟನ್ನು ಮೋಟರಿಗೆ ಸೇರಿಸುವ, ಸೆಲ್ಫ್ ಮೇಲಿನ ವಿದ್ಯುತ್ಕಾಂತದ ಸ್ವಿಚ್) ಎಳೆದುಕೊಂಡ ಕೂಡಲೇ ವೋಲ್ಟೇಜ್ ಕುಸಿದು ಅದು ಬಿಟ್ಟುಹೋಗುತ್ತಿದೆ ಎಂದರ್ಥ. ಬಹುಮಟ್ಟಿಗೆ ಬ್ಯಾಟರಿ ಡೌನ್ ಅಥವಾ ಬ್ಯಾಟರಿ ಟರ್ಮಿನಲ್ ಸಡಿಲ. ಸದ್ದೇ ಇಲ್ಲದಿದ್ದರೆ ದೋಷ ಸಣ್ಣ ತಂತಿಗಳ ಕಡೆ, ಅಂದರೆ ಕೀ ಸ್ವಿಚ್, ಫ್ಯೂಸ್, ರಿಲೇ, ನ್ಯೂಟ್ರಲ್ ಅಥವಾ ಕ್ಲಚ್ ಸ್ವಿಚ್‌ನ ಕಡೆ ಇರುತ್ತದೆ. ನಿಮ್ಮದು ಒಂದೇ ‘ಟಕ್’. ಸಾಲನಾಯ್ಡ್ ಎಳೆದುಕೊಂಡಿದೆ, ಅಂದರೆ ಕೀಯಿಂದ ಅಲ್ಲಿಯವರೆಗಿನ ಸಣ್ಣ ತಂತಿಗಳು ತಮ್ಮ ಕೆಲಸ ಮಾಡಿವೆ. ದೋಷ ದಪ್ಪ ಕೇಬಲ್‌ಗಳ ದಾರಿಯಲ್ಲಿ, ಸಾಲನಾಯ್ಡ್‌ನ ಒಳಗಿನ ತಾಮ್ರದ ಕಾಂಟ್ಯಾಕ್ಟ್‌ನಲ್ಲಿ ಅಥವಾ ಮೋಟರಿನಲ್ಲಿ ಇದೆ. ಹೆದ್ದಾರಿಯಲ್ಲಿ ಮೀಟರ್ ಇಲ್ಲದೆ ನಿಂತುಬಿಟ್ಟರೆ ಹೆಡ್‌ಲೈಟ್ ಹಾಕಿ ಸೆಲ್ಫ್ ಹೊಡೆಯಿರಿ: ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿಯ ಕಡೆ ನೋಡಿ, ಬೆಳಕು ಕದಲದೆ ನಿಂತರೆ ಸೆಲ್ಫ್‌ಗೆ ಕರೆಂಟ್ ಹೋಗುತ್ತಲೇ ಇಲ್ಲ.

ಅಳತೆಗೆ ಮುನ್ನ ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ. ಗಾಡಿಯ ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಶಾರ್ಟ್ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಗೇರ್‌ನಲ್ಲಿದ್ದ ಲಾರಿ ಹಾಗೆ ಮಾಡಿದಾಗ ಮುಂದಕ್ಕೆ ನೆಗೆಯುತ್ತದೆ. ಕೆಳಗಿರುವವನಿಗೆ ಹೊರಗೆ ಬರಲು ಸಮಯ ಸಿಗುವುದಿಲ್ಲ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದೆರಡು ನಿಮಿಷ ಆರಲು ಬಿಡಿ. ಮೀಟರನ್ನು ಡಿಸಿ ವೋಲ್ಟ್‌ನಲ್ಲಿ ಮಾತ್ರ ಇಡಿ. ಆಂಪಿಯರ್ ಸ್ಥಾನದಲ್ಲಿಟ್ಟು ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹೋಗುವುದು ಖಚಿತ.

ಈಗ ಅಳತೆ. ಮೊದಲನೆಯದಾಗಿ ಒಂದು ಪಿನ್ನನ್ನು ಬ್ಯಾಟರಿ ಪಾಸಿಟಿವ್‌ನ ಸೀಸದ ಕಂಬದ ಮೇಲೆ, ಇನ್ನೊಂದನ್ನು ಕೊನೆಯ ನೆಗೆಟಿವ್ ಕಂಬದ ಮೇಲೆ ಇಟ್ಟು ಕೀ ತಿರುಗಿಸಲು ಹೇಳಿ. ಕ್ಲ್ಯಾಂಪಿನ ಮೇಲೆ ಇಡಬೇಡಿ, ಕಂಬದ ಮೇಲೆಯೇ ಇಡಿ, ಏಕೆಂದರೆ ಅವೆರಡರ ನಡುವೆಯೂ ದೋಷ ಅಡಗಿರಬಹುದು. ಸೆಲ್ಫ್ ತಿರುಗುವಾಗ ವೋಲ್ಟೇಜ್ ಇಳಿಯುವುದು ಸಹಜ, ಆದರೆ 19ಕ್ಕಿಂತ ಕೆಳಗೆ ಹೋಗಬಾರದು. 10ಕ್ಕೋ 12ಕ್ಕೋ ಕುಸಿದರೆ ಬಹುಮಟ್ಟಿಗೆ ಬ್ಯಾಟರಿಯೇ ಸೋತಿದೆ; ಹೊಸದಾದರೂ ಅದನ್ನೇ ಹೇಳಬೇಕು. ವೋಲ್ಟೇಜ್ 24ರ ಆಸುಪಾಸಿನಲ್ಲೇ ನಿಂತು ಎಂಜಿನ್ ತಿರುಗದಿದ್ದರೆ ಬ್ಯಾಟರಿಯನ್ನು ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ, ದಾರಿ ಎಲ್ಲೋ ಕಡಿದಿದೆ.

ಆ ಕಡಿದ ಜಾಗವನ್ನು ಹುಡುಕುವುದು ಹೀಗೆ. ಒಂದು ಪಿನ್ ಬ್ಯಾಟರಿ ಪಾಸಿಟಿವ್ ಕಂಬದ ಮೇಲೆ, ಇನ್ನೊಂದು ಸೆಲ್ಫ್‌ನ ದಪ್ಪ ಕೇಬಲ್ ಬರುವ ಬೋಲ್ಟಿನ ಮೇಲೆ ಇಟ್ಟು ಕೀ ತಿರುಗಿಸಿ. ಅರ್ಧ ವೋಲ್ಟ್‌ನೊಳಗೆ ತೋರಿಸಿದರೆ ಆ ದಾರಿ ಚೆನ್ನಾಗಿದೆ. ಹಲವು ವೋಲ್ಟ್ ತೋರಿಸಿದರೆ ಕೇಬಲ್ಲಿನಲ್ಲಿ, ಲಗ್ಗಿನಲ್ಲಿ ಅಥವಾ ನಡುವೆ ಇರುವ ಕಟ್-ಆಫ್ ಸ್ವಿಚ್ಚಿನಲ್ಲಿ ದೋಷವಿದೆ. ಬಳಿಕ ಒಂದು ಪಿನ್ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಇಲ್ಲಿಯೂ ಅದೇ ಲೆಕ್ಕ. ಎರಡೂ ಕಡೆ ನಷ್ಟವೇ ಇಲ್ಲ, ಬ್ಯಾಟರಿ ವೋಲ್ಟೇಜೂ ಇಳಿಯುತ್ತಿಲ್ಲ ಎಂದಾದರೆ ಮಾತ್ರ ಸಾಲನಾಯ್ಡ್‌ನ ಸುಟ್ಟ ಕಾಂಟ್ಯಾಕ್ಟ್ ಅಥವಾ ಸವೆದ ಕಾರ್ಬನ್ ಬ್ರಷ್ ಎಂದು ಸೆಲ್ಫ್ ಬಿಚ್ಚಿಸಿ.

ನೆಗೆಟಿವ್ ಕಡೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ನಾನು ಕಂಡ ‘ಟಕ್’ ಗಾಡಿಗಳಲ್ಲಿ ಹೆಚ್ಚಿನವು ಅಲ್ಲಿಯೇ ಕೆಟ್ಟಿದ್ದವು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಚಾಸಿಗೂ ಅದಕ್ಕೂ ವಿದ್ಯುತ್ತಿನ ನೇರ ಸಂಬಂಧ ಇರುವುದಿಲ್ಲ. ಚಾಸಿಯಿಂದ ಎಂಜಿನ್ನಿಗೋ ಗೇರ್‌ಬಾಕ್ಸಿಗೋ ಹೋಗುವ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿಯೇ ಕರೆಂಟ್ ಮರಳುವ ದಾರಿ. ಅದಿರಿನ ಕೆಂಪು ಧೂಳು ಇದರ ಮೇಲೆ ಕೂರುತ್ತದೆ, ಮಳೆಯಲ್ಲಿ ಕೆಸರಾಗುತ್ತದೆ, ಒಣಗುತ್ತದೆ, ಮತ್ತೆ ನೆನೆಯುತ್ತದೆ. ಒಮ್ಮೆ ಭೀಮಸಮುದ್ರದ ಕಡೆಯಿಂದ ಬಂದ ಲಾರಿಯೊಂದರಲ್ಲಿ ಈ ಪಟ್ಟಿ ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿತ್ತು, ಬೋಲ್ಟ್ ಬಿಗಿಯಾಗಿತ್ತು, ಕೈಯಲ್ಲಿ ಎಳೆದರೆ ಬರುತ್ತಿರಲಿಲ್ಲ. ಬೋಲ್ಟ್ ಬಿಚ್ಚಿ ನೋಡಿದರೆ ಲಗ್ಗಿನ ಕೆಳಗೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತುಕ್ಕಿನ ಕಂದು ಪದರ, ಅದರ ನಡುವೆ ಕಡಲೆಕಾಳಿನಷ್ಟು ಮಾತ್ರ ಹೊಳೆಯುವ ಲೋಹ. ಲಗ್ಗಿನ ಕುತ್ತಿಗೆಯ ತೋಳನ್ನು ಬ್ಲೇಡಿನಿಂದ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರಿದವು. ಆ ಲಾರಿಯ ಆಕ್ಸಿಲರೇಟರ್ ಕೇಬಲ್ಲಿನ ಹೊದಿಕೆ ಕರಗಿತ್ತು. ಅರ್ಥಿಂಗ್ ಪಟ್ಟಿ ಕೈಕೊಟ್ಟಾಗ ಕರೆಂಟ್ ಆ ಸಣ್ಣ ಉಕ್ಕಿನ ಕೇಬಲ್ಲನ್ನೇ ದಾರಿ ಮಾಡಿಕೊಂಡಿತ್ತು. ಇದನ್ನು ಪರೀಕ್ಷಿಸಲು ಸುಲಭದ ಉಪಾಯವೂ ಇದೆ: ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಎಂಜಿನ್ ಬ್ಲಾಕಿಗೆ, ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ಒಡನೆ ತಿರುಗಿದರೆ ದೋಷ ಸಿಕ್ಕಿತು.

ನಿಮ್ಮ ಲಾರಿಯಲ್ಲಿ ಹಾಡಿನ ಟೇಪಿಗೋ ಅಲಂಕಾರದ ದೀಪಕ್ಕೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದು ಕೊಟ್ಟಿದ್ದಾರೆಯೇ ಎಂದೂ ನೋಡಿ. ಹಾಗಿದ್ದರೆ ಆ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಜೊತೆಯದು ತುಂಬಿಯೇ ಇರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡುವುದು ಎರಡರ ಒಟ್ಟು ವೋಲ್ಟೇಜನ್ನು ಮಾತ್ರ. ಖಾಲಿಯಾದದ್ದಕ್ಕೆ 13 ವೋಲ್ಟ್, ತುಂಬಿದ್ದಕ್ಕೆ 15 ವೋಲ್ಟ್ ಸಿಕ್ಕರೂ ಲೆಕ್ಕ 28 ಎಂದೇ ಬರುತ್ತದೆ. ಒಂದು ಸದಾ ಹಸಿದಿರುತ್ತದೆ, ಇನ್ನೊಂದರ ನೀರು ಕುದಿದು ಆರುತ್ತದೆ. ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಅಳೆಯಿರಿ. ಅರ್ಧ ವೋಲ್ಟ್ ವ್ಯತ್ಯಾಸ ಕಂಡರೂ ಈ ಕಾರಣವನ್ನು ಹುಡುಕಿ. 24ರಿಂದ 12 ವೋಲ್ಟ್‌ಗೆ ಇಳಿಸುವ ಕನ್ವರ್ಟರ್ ಹಾಕಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ಸದ್ದೇ ಬಾರದ ಗಾಡಿಯವರಿಗೆ ಒಂದು ಮಾತು. ಸಾಲನಾಯ್ಡ್‌ನ ಸಣ್ಣ ತಂತಿಯಲ್ಲಿ, ಅಂದರೆ 50 ಎಂದು ಗುರುತಿರುವ ಟರ್ಮಿನಲ್‌ನಲ್ಲಿ, ಕೀ ತಿರುಗಿಸಿದಾಗ ಕರೆಂಟ್ ಬರುತ್ತಿದೆಯೇ ಎಂದು ನೋಡಲು ಮೀಟರಿಗಿಂತ 24 ವೋಲ್ಟ್, 21 ವ್ಯಾಟಿನ ಬಲ್ಬ್ ಕಟ್ಟಿದ ಟೆಸ್ಟ್ ಲ್ಯಾಂಪ್ ಉತ್ತಮ. ತಂತಿಯ ಒಂದೇ ಎಳೆ ಉಳಿದಿದ್ದರೂ ಮೀಟರ್ 24 ವೋಲ್ಟ್ ಎಂದೇ ಹೇಳುತ್ತದೆ, ಬಲ್ಬ್ ಮಂಕಾಗಿ ಸತ್ಯ ಹೇಳುತ್ತದೆ. ಆದರೆ ಈ ಬಲ್ಬನ್ನು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರ್‌ಗಳ ತಂತಿಗೆ ಎಂದೂ ಹಚ್ಚಬೇಡಿ.

ಎಂಜಿನ್ ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಅದು ಬೇರೆಯೇ ಕಾಯಿಲೆ. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಡ, ಆದ್ದರಿಂದ ಮೆಕ್ಯಾನಿಕಲ್ ಪಂಪಿನ ಹಳೆಯ ಲಾರಿಯಲ್ಲಿ ಪಂಪಿನ ಸ್ಟಾಪ್ ಸಾಲನಾಯ್ಡ್ (ಡೀಸೆಲ್ ನಿಲ್ಲಿಸುವ ಭಾಗ) ಮತ್ತು ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿಯನ್ನು ನೋಡಿದರೆ ಬಹುತೇಕ ಮುಗಿಯಿತು. 2017ರ ಏಪ್ರಿಲ್ 1ರಿಂದ ದೇಶದೆಲ್ಲೆಡೆ ಹೊಗೆ ಮಿತಿಯ ಬಿಎಸ್ 4 ಮಾನದಂಡ, 2020ರ ಏಪ್ರಿಲ್ 1ರಿಂದ ಬಿಎಸ್ 6 ಕಡ್ಡಾಯವಾದ ಮೇಲೆ ಬಂದ ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಕೊಡುವ) ಲಾರಿಗಳಲ್ಲಿ ಇಸಿಯುವಿನ ಫ್ಯೂಸ್, ಮುಖ್ಯ ರಿಲೇ ಹಾಗೂ ಅರ್ಥಿಂಗ್, ಅನಂತರ ಎಂಜಿನ್ ತಿರುಗುವುದನ್ನು ಇಸಿಯುವಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್, ಅನಂತರ ರೈಲಿನ ಒತ್ತಡ ಎಂಬ ಕ್ರಮದಲ್ಲಿ ಹೋಗಬೇಕು. ಸ್ಕ್ಯಾನರ್ ‘ಕ್ರ್ಯಾಂಕ್ ಸೆನ್ಸರ್’ ಎಂದು ತೋರಿಸಿದ ಮಾತ್ರಕ್ಕೆ ಸೆನ್ಸರ್ ಕೊಳ್ಳಬೇಡಿ. ಆ ಕೋಡ್ ಅದರ ತಂತಿಗೂ ಕನೆಕ್ಟರಿಗೂ ಸೇರಿಯೇ ಬರುತ್ತದೆ, ಮತ್ತು ಇಲಿ ಕಡಿದ ತಂತಿಯನ್ನು ಮೆಕ್ಕೆಜೋಳ ಸಾಗಿಸುವ ಗಾಡಿಗಳಲ್ಲಿ ನಾನು ಎಷ್ಟೋ ಸಲ ಕಂಡಿದ್ದೇನೆ.

ನಿಮ್ಮ ಲಾರಿಗೆ ಮರಳಿದರೆ, ನಾಳೆ ಬೆಳಿಗ್ಗೆ ‘ಟಕ್’ ಎಂದಾಗ ಯಾವುದನ್ನೂ ಅಲುಗಾಡಿಸದೆ ಮೊದಲು ಅಳೆಯಿರಿ. ಕೈಯಾಡಿಸಿದರೆ ದೋಷ ತಾತ್ಕಾಲಿಕವಾಗಿ ಮರೆಯಾಗಿ ನೀವು ಮತ್ತೆ ಮೂರು ವಾರ ಕಾಯಬೇಕಾಗುತ್ತದೆ. ನೆಗೆಟಿವ್ ಕಡೆ ನಷ್ಟ ಕಂಡರೆ ಹಳೆಯ ಪಟ್ಟಿಯನ್ನು ಉಜ್ಜಿ ಹಾಕದೆ ಹೊಸದನ್ನೇ ಹಾಕಿ, ಚಾಸಿ ಮತ್ತು ಬ್ಲಾಕಿನ ಬಣ್ಣವನ್ನು ಹೊಳೆಯುವವರೆಗೆ ಕೆರೆದು, ಬಿಗಿ ಮಾಡಿದ ಮೇಲೆ ಗ್ರೀಸ್ ಸವರಿ. ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಕಡೆಯಲ್ಲಿ ಅದನ್ನೇ ಜೋಡಿಸಿ. ಎಂಜಿನ್ ಸ್ಟಾರ್ಟ್ ಆದ ಮೇಲೆ ಬ್ಯಾಟರಿಯಲ್ಲಿ 27.5ರಿಂದ 28.5 ವೋಲ್ಟ್ ಬರುತ್ತಿದೆಯೇ ನೋಡಿ, ಬಳಿಕ ಸೆಲ್ಫ್ ಹೊಡೆಯುವಾಗಿನ ನಷ್ಟವನ್ನು ಇನ್ನೊಮ್ಮೆ ಅಳೆದು, ಎರಡೂ ಅಂಕಿಗಳನ್ನು ತಾರೀಖಿನ ಸಮೇತ ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಮಳೆಗಾಲಕ್ಕೆ ಮೊದಲು ಅದೇ ಜಾಗದಲ್ಲಿ ಪಿನ್ ಇಟ್ಟು ಹೋಲಿಸಿ ನೋಡಲು ಅವು ಬೇಕಾಗುತ್ತವೆ.